ಸೊಂಟನೋವು ಕಡಿಮೆಯಾಯ್ತು, ಆದರೆ ಯಾವುದರಿಂದ?

ಕಪ್ಪಿಂಗ್, ಅಂದರೆ ಮೈಗೆ ಕಪ್ ಅಂಟಿಸಿ ಚರ್ಮವನ್ನು ಎಳೆಯುವ ಚಿಕಿತ್ಸೆ, ಮಾಡಿಸಿಕೊಂಡವರನ್ನು ಗುರುತು ಹಿಡಿಯುವುದು ಸುಲಭ. ಬೆನ್ನ ಮೇಲೆ ದುಂಡನೆಯ ಕಲೆಗಳಿರುತ್ತವೆ. ಕೆಂಪು, ಕಡುಗೆಂಪು, ಕೆಲವರಿಗೆ ನೇರಳೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಭುಜದ ಮೇಲೆ ಇಂಥ ಕಲೆಗಳು ಕಂಡಾಗ ಜಗತ್ತೆಲ್ಲ ಅದೇನು ಅಂತ ಕೇಳಿತು. ಆತ ನೀರಿನಲ್ಲಿ ವರ್ಷಗಟ್ಟಲೆ ಮಾಡಿದ ಅಭ್ಯಾಸ ಮಾತ್ರ ಹಾಗೆ ಕಣ್ಣಿಗೆ ಕಾಣುವ ಕಲೆ ಬಿಡುವಂಥದ್ದಲ್ಲ.

ನನ್ನ ಸೊಂಟನೋವು ಹಳೆಯದು. ಫಿಸಿಯೋಥೆರಪಿಯ ಜೊತೆಯಲ್ಲೇ ಕಪ್ಪಿಂಗ್ ಕೂಡ ಮಾಡಿಸಿಕೊಂಡಿದ್ದೇನೆ. ಎರಡನ್ನೂ ಮಾಡಿದ್ದು ಒಬ್ಬರೇ ಫಿಸಿಯೋ, ಒಂದೇ ಕೋಣೆಯಲ್ಲಿ. ನೋವು ಚೆನ್ನಾಗಿ ಕಡಿಮೆಯಾಯಿತು. ಆಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು: "ಕಪ್ಪಿಂಗ್‌ನಿಂದ ಗುಣ ಆಯ್ತಂತೆ, ಹೌದಾ?" ವ್ಯಾಯಾಮದಿಂದ ಗುಣ ಆಯ್ತಾ ಅಂತ ಒಬ್ಬರೂ ಕೇಳಲಿಲ್ಲ.

ಯಾವುದರಿಂದ ಆದರೇನು, ನೋವು ಹೋಯ್ತಲ್ಲ ಅನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಸೊಂಟನೋವು ಒಂದು ಸಲ ಬಂದು ಹೋಗಿ ಸುಮ್ಮನಾಗುವಂಥದ್ದಲ್ಲ. ಮತ್ತೆ ಬರುತ್ತದೆ. ಹೋದ ಸಲ ಯಾವುದರಿಂದ ಗುಣವಾಯಿತು ಅಂತ ನಂಬಿರುತ್ತೇವೋ, ಮುಂದಿನ ಸಲ ಅಲ್ಲಿಗೇ ಓಡುತ್ತೇವೆ. ನಂಬಿಕೆ ತಪ್ಪು ಜಾಗದಲ್ಲಿ ಕೂತರೆ, ನಿಜವಾಗಿ ಕೆಲಸ ಮಾಡಿದ್ದನ್ನು ಕೈಬಿಟ್ಟುಬಿಡುತ್ತೇವೆ. ಇಷ್ಟು ಉದ್ದ ಬರೆಯಲು ಕಾರಣ ಅದೇ.

ಮೊದಲು ನೋವಿನ ಬಗ್ಗೆ ಸ್ವಲ್ಪ. ಸೊಂಟನೋವು 12 ವಾರ ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ್ದು ಅನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ನರಳುತ್ತಿದ್ದರು ಅನ್ನುತ್ತದೆ ಜಾಗತಿಕ ಅಂದಾಜು. 2050ರ ಹೊತ್ತಿಗೆ ಅದು 84.3 ಕೋಟಿ ಆಗಬಹುದಂತೆ. ಇವರಲ್ಲಿ ಸುಮಾರು 100ಕ್ಕೆ 90 ಮಂದಿಯ ನೋವಿಗೆ 'ಇಗೋ ಇದೇ ಕಾರಣ' ಅಂತ ಬೆರಳಿಟ್ಟು ತೋರಿಸುವಂಥದ್ದು ಏನೂ ಸಿಗುವುದಿಲ್ಲ. ಮೂಳೆ ಮುರಿದಿರುವುದಿಲ್ಲ, ಗಡ್ಡೆ ಇರುವುದಿಲ್ಲ, ಸೋಂಕು ಇರುವುದಿಲ್ಲ. ನೋವು ಮಾತ್ರ ಇರುತ್ತದೆ, ಮತ್ತು ಅದು ಪೂರ್ತಿ ನಿಜ. ಇದನ್ನು ಒತ್ತಿ ಹೇಳಬೇಕು. ಕಾರಣ ಕಾಣದ ನೋವನ್ನು ಮನೆಯವರೂ ಆಫೀಸಿನವರೂ ನಾಟಕ ಅಂದುಕೊಳ್ಳುವುದುಂಟು.

ಆಗ ಸ್ಕ್ಯಾನ್ ಮಾಡಿಸುತ್ತೇವೆ. ಎಂಆರ್‌ಐ ರಿಪೋರ್ಟಿನಲ್ಲಿ ಡಿಸ್ಕ್ ಸವೆದಿದೆ, ಡಿಸ್ಕ್ ಉಬ್ಬಿದೆ ಅಂತ ಬರೆದಿರುತ್ತದೆ. ಅದನ್ನು ಓದಿದ ದಿನದಿಂದ ನಮ್ಮ ನಡೆಯೇ ಬದಲಾಗುತ್ತದೆ. ಬಗ್ಗುವುದಕ್ಕೆ ಹೆದರುತ್ತೇವೆ, ಬಕೆಟ್ ಎತ್ತುವುದನ್ನು ಬಿಡುತ್ತೇವೆ, ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಡುತ್ತೇವೆ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಲೆಕ್ಕವನ್ನು ಒಟ್ಟುಗೂಡಿಸಿದ ಒಂದು ವರದಿ 2015ರಲ್ಲಿ ಬಂತು. ಅದರಲ್ಲಿ 50ರ ವಯಸ್ಸಿನವರ ಪೈಕಿ 100ಕ್ಕೆ 80 ಮಂದಿಗೆ ಡಿಸ್ಕ್ ಸವೆತ ಇತ್ತು, 60 ಮಂದಿಗೆ ಡಿಸ್ಕ್ ಉಬ್ಬಿತ್ತು. 20ರ ಹರೆಯದವರಲ್ಲೂ 37 ಮಂದಿಗೆ ಸವೆತ ಕಂಡಿತ್ತು. ಇವರಲ್ಲಿ ಯಾರಿಗೂ ಸೊಂಟ ನೋಯುತ್ತಿರಲಿಲ್ಲ. ಸ್ಕ್ಯಾನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ರಿಪೋರ್ಟಿನಲ್ಲಿರುವ ಭಯಂಕರ ಪದಗಳಲ್ಲಿ ಬಹಳಷ್ಟು ವಯಸ್ಸಿನ ಜೊತೆ ಬರುವ ಬದಲಾವಣೆಗಳು, ಅಷ್ಟೆ. ನನ್ನ ಫಿಸಿಯೋ ಇದನ್ನು ಮೊದಲ ಭೇಟಿಯಲ್ಲೇ ಸಮಾಧಾನವಾಗಿ ಬಿಡಿಸಿ ಹೇಳಿದರು. ಚಿಕಿತ್ಸೆ ಅಲ್ಲಿಂದಲೇ ಶುರುವಾಯಿತು ಅಂತ ಈಗಲೂ ಅಂದುಕೊಳ್ಳುತ್ತೇನೆ.

ಇನ್ನು ಕಪ್ಪಿಂಗ್. ಇದು ಬಹಳ ಹಳೆಯ ವಿದ್ಯೆ. ಗ್ರೀಕರ ಹಿಪೊಕ್ರೆಟಿಸ್ ಪರಂಪರೆಯ ಬರಹಗಳಲ್ಲಿ ಇದೆ, ಚೀನಾದ ವೈದ್ಯದಲ್ಲಿ ಇದೆ, ಅರಬರಲ್ಲಿ ಹಿಜಾಮಾ ಅನ್ನುವ ಹೆಸರಿನಲ್ಲಿ ಇದೆ. ಕೊಂಬು ಮತ್ತು ಸೋರೆಬುರುಡೆ ಇಟ್ಟು ರಕ್ತ ಹೀರಿ ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಈಗ ಗಾಜಿನ, ಪ್ಲಾಸ್ಟಿಕ್‌ನ, ಸಿಲಿಕೋನ್‌ನ ಕಪ್‌ಗಳಿವೆ. ಬೆಂಕಿ ತೋರಿಸಿ ಒಳಗಿನ ಗಾಳಿ ಬಿಸಿ ಮಾಡಿ ಇಡುತ್ತಾರೆ, ಇಲ್ಲವೇ ಚಿಕ್ಕ ಪಂಪಿನಿಂದ ಗಾಳಿ ಎಳೆಯುತ್ತಾರೆ. ಒಳಗೆ ಒತ್ತಡ ಕಡಿಮೆಯಾಗುತ್ತದೆ, ಚರ್ಮ ಮೇಲೆದ್ದು ಕಪ್ ಒಳಗೆ ಉಬ್ಬಿಕೊಳ್ಳುತ್ತದೆ. ಸಾಮಾನ್ಯವಾಗಿ 5ರಿಂದ 15 ನಿಮಿಷ ಹಾಗೇ ಬಿಡುತ್ತಾರೆ. ಚರ್ಮಕ್ಕೆ ಗೀರು ಹಾಕಿ ರಕ್ತ ತೆಗೆಯುವುದು ಇನ್ನೊಂದು ಬಗೆ. ನಾನು ಮಾಡಿಸಿಕೊಂಡಿದ್ದು ಗೀರು ಹಾಕದ ಬಗೆ.

ಆ ಕಲೆಗಳ ಬಗ್ಗೆ ಒಂದು ಮಾತು ಎಲ್ಲೆಡೆ ಕೇಳಿಬರುತ್ತದೆ. ಒಳಗಿನ ಕೆಟ್ಟ ರಕ್ತ, ವಿಷ ಎಲ್ಲ ಮೇಲಕ್ಕೆ ಬಂದಿದೆ, ಕಲೆ ಕಪ್ಪಾದಷ್ಟೂ ಒಳಗೆ ಕೊಳೆ ಜಾಸ್ತಿ ಇತ್ತು ಅಂತ. ಇದು ನಿಜವಲ್ಲ. ಎಳೆತಕ್ಕೆ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆಯುತ್ತವೆ, ಅಲ್ಲಿ ರಕ್ತ ಸೋರಿ ನಿಲ್ಲುತ್ತದೆ. ಮೈಗೆ ಏನಾದರೂ ಬಡಿದು ಆದ ಕಲೆ ಹೇಗೋ ಇದೂ ಹಾಗೇ. ನೇರಳೆಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿ ಕೆಲವು ದಿನಗಳಲ್ಲಿ ಮಾಸುತ್ತದೆ. ಸೋರಿದ ರಕ್ತದ ಹಿಮೋಗ್ಲೋಬಿನನ್ನು ದೇಹ ಒಡೆದು ಸಾಗಿಸುವಾಗ ಬರುವ ಬಣ್ಣಗಳವು. ಕಲೆ ಎಷ್ಟು ಗಾಢ ಅನ್ನುವುದನ್ನು ಕಪ್‌ನ ಎಳೆತ, ಇಟ್ಟ ಹೊತ್ತು ಮತ್ತು ಅವರವರ ಚರ್ಮ ತೀರ್ಮಾನಿಸುತ್ತವೆ. ದೇಹದ ಕಸವನ್ನು ಹೊರಗೆ ಹಾಕಲು ಯಕೃತ್ತು, ಮೂತ್ರಪಿಂಡ ಹಗಲೂ ರಾತ್ರಿ ದುಡಿಯುತ್ತಿವೆ. ಆ ಕೆಲಸ ಬೆನ್ನ ಚರ್ಮದ ಮೂಲಕ ಆಗುವುದಿಲ್ಲ.

ವಿಷದ ಮಾತು ಸುಳ್ಳಾದರೆ ಕಪ್ಪಿಂಗ್ ಪೂರ್ತಿ ಸುಳ್ಳಾಗಬೇಕೇ? ಇಲ್ಲ. ನೋವು ಕಡಿಮೆಯಾಗಿದ್ದನ್ನು ನಾನೇ ಅನುಭವಿಸಿದ್ದೇನೆ. ಕಪ್ ತೆಗೆದ ಮೇಲೆ ಸೊಂಟದ ಬಿಗಿ ಸಡಿಲವಾಗುತ್ತಿತ್ತು. ಏಳುವಾಗ ಮೇಜು ಹಿಡಿದುಕೊಳ್ಳದೆ ಏಳಬಹುದಿತ್ತು. ಆ ಹಗುರ ಕೆಲವೊಮ್ಮೆ ಸಂಜೆಯವರೆಗೆ, ಕೆಲವೊಮ್ಮೆ ಮಾರನೆಯ ದಿನದವರೆಗೆ ಇರುತ್ತಿತ್ತು. ಹಾಗಾದರೆ ಆ ಹಗುರ ಬಂದಿದ್ದು ಎಲ್ಲಿಂದ?

ಇದನ್ನು ನೋಡಲು ಒಳ್ಳೆಯ ಪ್ರಯೋಗಗಳೇ ನಡೆದಿವೆ. ಜರ್ಮನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದರಲ್ಲಿ ದೀರ್ಘಕಾಲದ ಸೊಂಟನೋವಿನ 110 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಜೋರು ಎಳೆತದ ಕಪ್ಪಿಂಗ್, ಇನ್ನೊಂದಕ್ಕೆ ತೀರಾ ಹಗುರ ಎಳೆತದ ಕಪ್ಪಿಂಗ್, ಮೂರನೆಯದಕ್ಕೆ ಕಪ್ ಇಲ್ಲ. ಬೇಕಾದಾಗ ಪ್ಯಾರಾಸಿಟಮಾಲ್ ಎಲ್ಲರೂ ತೆಗೆದುಕೊಳ್ಳಬಹುದಿತ್ತು. 4 ವಾರದ ನಂತರ ನೋಡಿದರೆ, ಕಪ್ ಇಟ್ಟ ಎರಡೂ ಗುಂಪಿನವರು ಕಪ್ ಇಡದವರಿಗಿಂತ ಚೆನ್ನಾಗಿದ್ದರು. ಆದರೆ ಜೋರು ಎಳೆತಕ್ಕೂ ಹಗುರ ಎಳೆತಕ್ಕೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2021ರಲ್ಲಿ ಬ್ರೆಜಿಲ್‌ನಿಂದ ಇನ್ನೊಂದು ಬಂತು. 90 ಜನ, ವಾರಕ್ಕೊಮ್ಮೆಯಂತೆ 8 ವಾರ. ಅರ್ಧ ಜನಕ್ಕೆ ನಿಜವಾದ ಕಪ್. ಉಳಿದವರಿಗೆ ಸಣ್ಣ ತೂತು ಮಾಡಿದ ಕಪ್, ಇಟ್ಟ ಕ್ಷಣಗಳಲ್ಲೇ ಗಾಳಿ ಒಳಗೆ ಹೋಗಿ ಎಳೆತ ಇಲ್ಲವಾಗುವ ಹಾಗೆ. ಕೊನೆಗೆ ನಿಜವಾದ ಕಪ್ಪಿನವರು ತೂತಿನ ಕಪ್ಪಿನವರಿಗಿಂತ ಮುಂದೆ ಹೋಗಿರಲಿಲ್ಲ.

ಈ ಎರಡನ್ನೂ ಒಟ್ಟಿಗೆ ಓದಬೇಕು. ಒಂದನ್ನೇ ಓದಿದರೆ ಕಪ್ಪಿಂಗ್ ಪವಾಡ ಅನ್ನಿಸುತ್ತದೆ, ಇನ್ನೊಂದನ್ನೇ ಓದಿದರೆ ಮೋಸ ಅನ್ನಿಸುತ್ತದೆ. ಜನಕ್ಕೆ ಹಗುರ ಅನ್ನಿಸುವುದು ನಿಜ. ಆ ಹಗುರಕ್ಕೆ ಕಪ್ಪಿನ ಎಳೆತವೇ ಕಾರಣ ಅನ್ನಲು ಆಧಾರ ಸಾಲದು, ಅಷ್ಟೆ. ಎಳೆತ ಇದ್ದರೂ ಇಲ್ಲದಿದ್ದರೂ ಆ ಕೋಣೆಯಲ್ಲಿ ನಡೆಯುವುದು ಬೇರೆ ಬಹಳಷ್ಟಿದೆ. ಬೋರಲು ಮಲಗುತ್ತೇವೆ. ಫೋನ್ ಪಕ್ಕಕ್ಕಿಡುತ್ತೇವೆ. ಉಸಿರು ನಿಧಾನವಾಗುತ್ತದೆ. ನೋಯುವ ಜಾಗವನ್ನು ಒಬ್ಬರು ಹುಷಾರಾಗಿ ಮುಟ್ಟುತ್ತಾರೆ, ಎಲ್ಲಿ, ಹೇಗೆ, ಯಾವಾಗಿಂದ ಅಂತ ಕೇಳುತ್ತಾರೆ. ಮುಟ್ಟಿದಾಗ, ಉಜ್ಜಿದಾಗ ಹೋಗುವ ಸಂದೇಶಗಳು ಬೆನ್ನುಹುರಿಯಲ್ಲೇ ನೋವಿನ ಸಂದೇಶಗಳನ್ನು ತಗ್ಗಿಸಬಲ್ಲವು ಅನ್ನುವ ಸಿದ್ಧಾಂತವನ್ನು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಮುಂದಿಟ್ಟರು. ವಿವರಗಳು ಆಮೇಲೆ ತಿದ್ದುಪಡಿಯಾದವು, ಮೂಲ ಮಾತು ಉಳಿಯಿತು. ಕಾಲು ಎಡವಿದರೆ ತಕ್ಷಣ ಕೈ ಅಲ್ಲಿಗೆ ಹೋಗಿ ಉಜ್ಜುತ್ತದಲ್ಲ, ಸುಮ್ನೆ ಅಲ್ಲ ಅದು.

ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಚಿಕಿತ್ಸೆಗೆ ಹೋಗುವುದು ಯಾವಾಗ? ನೋವು ತಡೆಯಲಾರದಷ್ಟು ಆದಾಗ. ಸೊಂಟನೋವು ಏರುತ್ತದೆ, ಇಳಿಯುತ್ತದೆ. ತುತ್ತತುದಿಯಲ್ಲಿದ್ದಾಗ ಏನು ಮಾಡಿಸಿಕೊಂಡರೂ ಮುಂದಿನ ಕೆಲವು ದಿನಗಳಲ್ಲಿ ಇಳಿಯುವ ಸಾಧ್ಯತೆಯೇ ಹೆಚ್ಚು. ಆ ಇಳಿತವನ್ನು ನಾವು ಹಿಂದಿನ ದಿನ ಮಾಡಿಸಿಕೊಂಡ ಚಿಕಿತ್ಸೆಯ ಲೆಕ್ಕಕ್ಕೆ ಬರೆಯುತ್ತೇವೆ. ಅದರಲ್ಲೂ ಕನ್ನಡಿಯಲ್ಲಿ ಕಾಣುವ ಕಲೆ ಬಿಟ್ಟ ಚಿಕಿತ್ಸೆಯ ಲೆಕ್ಕಕ್ಕೆ.

ಈಗ ಕಲೆ ಬಿಡದ ಕೆಲಸದ ಬಗ್ಗೆ. ಫಿಸಿಯೋಥೆರಪಿ ಅಂದರೆ ಕರೆಂಟ್ ಕೊಡುವುದು, ಶಾಖ ಕೊಡುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ತಂದಿತು. ಚರ್ಮದ ಮೇಲೆ ಕರೆಂಟ್ ಕೊಡುವ ಟೆನ್ಸ್, ಅಲ್ಟ್ರಾಸೌಂಡ್ ಚಿಕಿತ್ಸೆ, ಎಳೆದು ಕಟ್ಟುವ ಟ್ರ್ಯಾಕ್ಷನ್, ಸೊಂಟದ ಬೆಲ್ಟ್ ಇವನ್ನೆಲ್ಲ ಅದು ಮಾಮೂಲಿಯಾಗಿ ಬಳಸಬೇಡಿ ಅನ್ನುತ್ತದೆ. ಹೇಳಿಕೊಡುವುದು, ವ್ಯಾಯಾಮ, ಮಸಾಜ್‌ನಂಥ ಕೆಲವು ಕೈಚಿಕಿತ್ಸೆಗಳು, ಮನಸ್ಸಿನ ಭಾರಕ್ಕೆ ಮಾತಿನ ಚಿಕಿತ್ಸೆ ಇವುಗಳನ್ನು ಮುಂದಿಡುತ್ತದೆ. ವ್ಯಾಯಾಮದ ವಿಷಯದಲ್ಲಿ 249 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ (ಚಿಕಿತ್ಸೆಗಳಿಗಿರುವ ಆಧಾರವನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ವರದಿ 2021ರಲ್ಲಿ ಬಂತು. ಚಿಕಿತ್ಸೆ ಇಲ್ಲದವರು, ಮಾಮೂಲಿ ಆರೈಕೆಯಲ್ಲೇ ಇದ್ದವರು ಅಥವಾ ತೋರಿಕೆಯ ಚಿಕಿತ್ಸೆ ಪಡೆದವರಿಗಿಂತ ವ್ಯಾಯಾಮ ಮಾಡಿದವರ ನೋವು 100 ಅಂಕದ ಅಳತೆಯಲ್ಲಿ ಸುಮಾರು 15 ಅಂಕ ಕಡಿಮೆಯಿತ್ತು. 15 ಅಂದರೆ ಸಣ್ಣದು ಅನ್ನಿಸಬಹುದು. ವರ್ಷಗಟ್ಟಲೆ ನೋವು ಅನುಭವಿಸಿದವರನ್ನು ಕೇಳಿ. 15 ಅಂಕದಲ್ಲಿ ಒಂದು ರಾತ್ರಿಯ ನಿದ್ದೆ ಇದೆ.

ನನಗೆ ಕೊಟ್ಟ ವ್ಯಾಯಾಮಗಳಲ್ಲಿ ಹೊಸತೇನೂ ಇರಲಿಲ್ಲ. ಕೈ ಮಂಡಿ ಊರಿ ಬೆನ್ನನ್ನು ಮೇಲಕ್ಕೆ ಕೆಳಕ್ಕೆ ನಿಧಾನವಾಗಿ ಬಾಗಿಸುವುದು. ಅದೇ ಭಂಗಿಯಲ್ಲಿ ಒಂದು ಕೈ ಮುಂದಕ್ಕೆ, ಎದುರು ಬದಿಯ ಕಾಲು ಹಿಂದಕ್ಕೆ ಚಾಚುವುದು, ಬರ್ಡ್ ಡಾಗ್ ಅನ್ನುತ್ತಾರೆ ಅದಕ್ಕೆ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ಬ್ರಿಡ್ಜ್. ಆಮೇಲೆ ತೊಡೆಯ ಸಂದಿಯಿಂದ ಬಾಗಿ ನೆಲದ ಮೇಲಿರುವುದನ್ನು ಎತ್ತುವುದು. ಮೊದಲು ಖಾಲಿ ಕೈ, ಆಮೇಲೆ ಹಗುರ ಭಾರ, ಆಮೇಲೆ ಇನ್ನಷ್ಟು. ಕೊನೆಗೆ ಬೆನ್ನು ಬಗ್ಗಿಸಿಯೇ ಎತ್ತುವುದು. ಇದನ್ನು ಕೇಳಿ ನಾನು ಬೆಚ್ಚಿದೆ. ಬೆನ್ನು ಬಗ್ಗಿಸಲೇಬಾರದು ಅಂತ ಅಷ್ಟು ವರ್ಷ ಕೇಳಿದ್ದೆ.

"ಬಗ್ಗೋದಕ್ಕೇ ಇರೋದು ಅದು," ಅಂದರು ಫಿಸಿಯೋ. "ಬಗ್ಗದೆ ಬಗ್ಗದೆ ಅದಕ್ಕೆ ಅಭ್ಯಾಸ ತಪ್ಪಿದೆ. ನಿಧಾನವಾಗಿ ವಾಪಸ್ ಕಲಿಸೋಣ."

"ನೋವು ಬಂದ್ರೆ ಮೇಡಂ?"

"ಸ್ವಲ್ಪ ಬರುತ್ತೆ. ನಾಳೆ ಬೆಳಗ್ಗೆ ಮಾಮೂಲಿಗಿಂತ ಜಾಸ್ತಿ ಇದ್ರೆ ಒಂದು ಮೆಟ್ಟಿಲು ಇಳಿಯೋಣ. ಇಲ್ಲಾಂದ್ರೆ ಇಲ್ಲೇ ಇರೋಣ. ನೋವು ಬಂತು ಅಂದ ಮಾತ್ರಕ್ಕೆ ಏನೋ ಹಾಳಾಯ್ತು ಅಂತಲ್ಲ."

ಆ ಕೊನೆಯ ಮಾತನ್ನು ನಂಬಲು ನನಗೆ ಬಹಳ ಕಾಲ ಹಿಡಿಯಿತು. ನೋವು ತಿಂಗಳುಗಟ್ಟಲೆ ಉಳಿದಾಗ ನರಮಂಡಲ ಅತಿ ಎಚ್ಚರಿಕೆಗೆ ಬೀಳುತ್ತದೆ. ಮೊದಲ ಪೆಟ್ಟು ವಾಸಿಯಾಗಿರುತ್ತದೆ, ಆದರೂ ಸಣ್ಣ ಬಾಗುವಿಕೆಗೂ ಅದು ಕೂಗುತ್ತದೆ. ನಿದ್ದೆ ಕೆಟ್ಟ ದಿನ, ಮನಸ್ಸು ಕುಗ್ಗಿದ ದಿನ ಇನ್ನೂ ಜೋರಾಗಿ ಕೂಗುತ್ತದೆ. ಅದಕ್ಕೆ ಮಾತಿನಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ. ಬಗ್ಗಿ, ಎತ್ತಿ, ನಡೆದು, ಏನೂ ಆಗಲಿಲ್ಲ ಅಂತ ಮತ್ತೆ ಮತ್ತೆ ತೋರಿಸಬೇಕು.

ಕಪ್ಪಿಗೆ ಒಂದು ನಿಜವಾದ ಕೆಲಸ ಸಿಗುವುದು ಇಲ್ಲಿ. ಸೊಂಟ ಹಿಡಿದುಕೊಂಡಿರುವಾಗ ಬಗ್ಗು ಅಂದರೆ ಯಾರು ಬಗ್ಗುತ್ತಾರೆ? ನನ್ನ ಫಿಸಿಯೋ ಮೊದಲ ಭೇಟಿಗಳಲ್ಲಿ ಕೆಲವು ನಿಮಿಷ ಕಪ್ ಇಟ್ಟು, ತೆಗೆದ ಕೂಡಲೇ ವ್ಯಾಯಾಮ ಶುರು ಮಾಡಿಸುತ್ತಿದ್ದರು. ಬಿಗಿ ಸಡಿಲಾಗಿರುವ ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಮಾಡಲು ಹೆದರುತ್ತಿದ್ದ ಚಲನೆಯನ್ನು ಅವರ ಎದುರಿಗೇ ಮಾಡುತ್ತಿದ್ದೆ. ಒಮ್ಮೆ ಮಾಡಿ ನೋಡಿದ ಮೇಲೆ ಮನೆಯಲ್ಲೂ ಮಾಡುವ ಧೈರ್ಯ ಬರುತ್ತಿತ್ತು. ಕಪ್ ಇಟ್ಟು, ತೆಗೆದು, ಮನೆಗೆ ಹೋಗಿ ರೆಸ್ಟ್ ಮಾಡಿ ಅಂತ ಕಳಿಸಿಬಿಡುವ ಕಡೆಗಳೂ ಇವೆ. ಅಲ್ಲಿ ಸಿಕ್ಕ ಹಗುರವೆಲ್ಲ ಹಾಸಿಗೆಯಲ್ಲೇ ಕರಗಿಹೋಗುತ್ತದೆ. ಹಾಸಿಗೆ ಹಿಡಿಯುವುದರಿಂದ ಸೊಂಟಕ್ಕೆ ಲಾಭವಿಲ್ಲ ಅನ್ನುವುದು ಹಳೆಯ ವಿಷಯ. ಹೊಸದಾಗಿ ಬಂದ ಸೊಂಟನೋವಿಗೆ 7 ದಿನ ಮಲಗಿದವರಿಗಿಂತ 2 ದಿನ ಮಲಗಿದವರೇ ಬೇಗ ಕೆಲಸಕ್ಕೆ ಮರಳಿದರು ಅಂತ 1986ರಲ್ಲೇ ತೋರಿಸಿದ್ದಾರೆ.

ಕೆಲವು ವಾರಗಳ ನಂತರ ಒಂದು ದಿನ ನಾನು ಹೋಗಿ ಎಂದಿನಂತೆ ಬೋರಲು ಮಲಗಲು ಹೊರಟೆ. "ಇವತ್ತು ಕಪ್ ಆಮೇಲೆ. ಮೊದಲು ಭಾರ ಎತ್ತಿ. ಆಮೇಲೂ ಬೇಕು ಅನ್ನಿಸಿದ್ರೆ ಇಡ್ತೀನಿ," ಅಂದರು. ಎತ್ತಿದೆ. ಕಪ್ ಬೇಕು ಅನ್ನಿಸಲಿಲ್ಲ. ಆ ದಿನ ಅವರ ಮೇಲೆ ನನಗೆ ಬಂದ ಗೌರವ ದೊಡ್ಡದು. ಕಪ್ ಇಟ್ಟರೆ ನಾನು ಖುಷಿಯಿಂದ ಮತ್ತೆ ಮತ್ತೆ ಬರುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು. ಆದರೂ ಕಪ್ ಇಲ್ಲದೆಯೂ ನನ್ನ ಸೊಂಟ ಕೆಲಸ ಮಾಡುತ್ತದೆ ಅನ್ನುವುದು ನನಗೇ ಕಾಣುವ ಹಾಗೆ ಮಾಡಿದರು.

ಹುಷಾರಾಗಿರಬೇಕಾದವರ ಬಗ್ಗೆ ಹೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರು, ಚರ್ಮ ತೀರಾ ತೆಳುವಾಗಿರುವ ವಯಸ್ಸಾದವರು ಕಪ್ಪಿಂಗ್‌ನಿಂದ ದೂರ ಇರುವುದು ಒಳ್ಳೆಯದು. ಗಾಯ, ಚರ್ಮರೋಗ, ಉಬ್ಬಿದ ರಕ್ತನಾಳ ಇರುವ ಜಾಗದಲ್ಲಿ ಕಪ್ ಇಡಬಾರದು. ಗರ್ಭಿಣಿಯರ ಸೊಂಟಕ್ಕೆ, ಹೊಟ್ಟೆಗೆ ಬೇಡ. ಸಕ್ಕರೆ ಕಾಯಿಲೆ ಇದ್ದು ಗಾಯ ಬೇಗ ಮಾಯದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಬೆಂಕಿ ಬಳಸುವ ಕಪ್ಪಿನಿಂದ ಸುಟ್ಟ ಗಾಯಗಳಾಗಿವೆ. ಗೀರು ಹಾಕುವ ಬಗೆಯಲ್ಲಿ ಬ್ಲೇಡು, ಕಪ್ ಶುದ್ಧವಿಲ್ಲದಿದ್ದರೆ ಸೋಂಕು ತಗಲುತ್ತದೆ, ರಕ್ತದಿಂದ ಹರಡುವ ಕಾಯಿಲೆಗಳೂ ಬರಬಹುದು. ಸೊಂಟನೋವಿಗೆ ಅಷ್ಟು ಅಪಾಯ ತೆಗೆದುಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕಪ್ಪೂ ಬೇಡ, ವ್ಯಾಯಾಮವೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಿವೆ. ತೊಡೆಗಳ ನಡುವೆ, ಕೂತಾಗ ಆಸನಕ್ಕೆ ತಾಗುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿರುವುದು. ಮೂತ್ರ, ಮಲ ಹಿಡಿತಕ್ಕೆ ಸಿಗದಿರುವುದು, ಇಲ್ಲವೇ ಮೂತ್ರ ಕಟ್ಟಿಕೊಳ್ಳುವುದು. ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುವುದು. ಇವು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ಹೋಗಿ. ನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಮೊದಲು ವೈದ್ಯರು ನೋಡಬೇಕು.

ನನಗೆ ಈಗಲೂ ಆಗಾಗ ಸೊಂಟ ಹಿಡಿದುಕೊಳ್ಳುತ್ತದೆ. ಹಾಗಾದಾಗ ಮೊದಲು ನಡೆಯುತ್ತೇನೆ, ಎಷ್ಟು ದೂರ ಆಗುತ್ತದೋ ಅಷ್ಟು. ನಡಿಗೆಯ ಬಗ್ಗೆ ನನಗೆ ತುಂಬ ಇಷ್ಟವಾದ ಒಂದು ಪ್ರಯೋಗ ಆಸ್ಟ್ರೇಲಿಯಾದ್ದು. 2024ರಲ್ಲಿ ಪ್ರಕಟವಾಯಿತು. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನರಲ್ಲಿ ಒಂದು ಗುಂಪಿಗೆ ಫಿಸಿಯೋಗಳು ನಡಿಗೆಯ ಕ್ರಮ ಹಾಕಿಕೊಟ್ಟು, ನೋವಿನ ಬಗ್ಗೆ ತಿಳಿಸಿ ಹೇಳಿದರು. ವಾರಕ್ಕೆ 5 ಸಲ, 30 ನಿಮಿಷದವರೆಗೆ ನಿಧಾನವಾಗಿ ಏರಿಸಿಕೊಂಡು ಹೋಗುವುದು ಗುರಿ. ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವು ಮರಳಿ ಬರಲು ಇವರಿಗೆ ಹಿಡಿದ ಕಾಲದ ಮಧ್ಯಾಂಕ (ಸಾಲಿನ ನಡುವಿನ ವ್ಯಕ್ತಿಯ ಲೆಕ್ಕ) 208 ದಿನ. ಏನೂ ಹೇಳಿಕೊಡದೆ ಬಿಟ್ಟವರಿಗೆ 112 ದಿನ.

ನಡೆದು ಬಂದ ಮೇಲೆ ಬ್ರಿಡ್ಜ್, ಬರ್ಡ್ ಡಾಗ್, ಅವತ್ತು ಆಗುವಷ್ಟು. ಎರಡು ಮೂರು ದಿನ ಕಳೆದರೂ ಬಿಗಿ ಬಿಡದಿದ್ದರೆ ಫಿಸಿಯೋ ಹತ್ತಿರ ಹೋಗುತ್ತೇನೆ. ಅವರು ಕಪ್ ಇಡೋಣ ಅಂದರೆ ಇಡಿಸಿಕೊಳ್ಳುತ್ತೇನೆ, ಯಾವ ತಕರಾರೂ ಇಲ್ಲ. ಕಪ್ ತೆಗೆದ ಮೇಲೆ ಏನು ಮಾಡಿಸುತ್ತೀರಿ ಅಂತ ಮಾತ್ರ ಮೊದಲೇ ಕೇಳುತ್ತೇನೆ. ಹೊಸದಾಗಿ ಯಾರ ಹತ್ತಿರವಾದರೂ ಹೋಗುತ್ತಿದ್ದರೆ ನೀವೂ ಅದನ್ನು ಕೇಳಿ. ನಾನು ನಿಮ್ಮ ಹತ್ತಿರ ಬರುವುದನ್ನು ಯಾವಾಗ ನಿಲ್ಲಿಸಬಹುದು ಅಂತಲೂ ಕೇಳಿ. ಒಳ್ಳೆಯ ಫಿಸಿಯೋ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ನಿಮ್ಮ ಜೊತೆ ಕೂತು ಲೆಕ್ಕ ಹಾಕುತ್ತಾರೆ.